ಬಿಸಿ ಪೈಪಿಗೆ ಪಟ್ಟಿ ಸುತ್ತಿದ ಓಬಳೇಶ

ಬರ್ರಪ್ಪ, ಕೂತ್ಕಳಿ. ಬಾಯಲ್ಲಿ ಎಲೆಅಡಿಕೆ ಇದ್ದೋರು ಈಗಲೇ ಉಗುಳಿ ಬಂದುಬಿಡಿ. ನಡುವೆ ನಗು ಬಂದರೆ ಮುಂದೆ ಕೂತೋರ ಅಂಗಿ ಕೆಂಪಾಗುತ್ತೆ, ಆಮೇಲೆ ನನ್ನ ಬೈಬೇಡಿ.

ಹಿರಿಯೂರಿಂದ ಚಳ್ಳಕೆರೆ ಕಡೆ ಹೋಗೋ ದಾರೀಲಿ ಒಂದು ಕ್ರಾಸು. ಕ್ರಾಸಿನ ಈ ಕಡೆ ಬೊಮ್ಮಕ್ಕನ ಬಜ್ಜಿ ಅಂಗಡಿ, ಆ ಕಡೆ ದಾದಾಪೀರ್ ಮೇಸ್ತ್ರಿಯ ಬೈಕ್ ಗ್ಯಾರೇಜು. ಬೊಮ್ಮಕ್ಕನಿಗೆ ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಇದ್ದೋನು ಒಬ್ಬನೇ ಮಗ, ಓಬಳೇಶ. ಆಳು ನೋಡಿದರೆ ಎತ್ತು. ಸಿಟ್ಟಿಲ್ಲ, ಸೆಡವಿಲ್ಲ, ಸುಳ್ಳಿಲ್ಲ, ಕುಡಿತ ಇಲ್ಲ. ಬುದ್ಧಿ? ಅದೂ ಇಲ್ಲ! ಹೇಳಿದ ಮಾತು ಅವನ ಕಿವಿಗೆ ಹೋಗೋದು, ಕಿವಿಯಿಂದ ಸೀದಾ ಕೈಗೆ ಇಳಿಯೋದು. ನಡುವೆ ತಲೆ ಅಂತ ಒಂದು ಸ್ಟಾಪ್ ಇದೆಯಲ್ಲ, ಅಲ್ಲಿ ನಿಲ್ಲುತ್ತಲೇ ಇರಲಿಲ್ಲ.

ಒಂದು ದಿನ ಬೊಮ್ಮಕ್ಕ ಅಂದಳು, "ಲೇ ಓಬಳೇಶ, ಕಡ್ಲೆಹಿಟ್ಟು ಮುಗಿದೈತೆ, ತಂದುಬಿಡ್ತೀನಿ. ಅಲ್ಲಿಗಂಟ ಅಂಗಡಿ ನೋಡ್ಕಂಡಿರು."

"ಹೂಂ ಅವ್ವ" ಅಂದ.

ಬೊಮ್ಮಕ್ಕ ಹಿಟ್ಟು ತಗೊಂಡು ಬಂದು ನೋಡ್ತಾಳೆ, ಬೀದಿ ಹಸು ಒಂದು ಬಜ್ಜಿ ಬುಟ್ಟಿಗೆ ಮೂತಿ ಇಟ್ಟು ತಳ ನೆಕ್ಕುತಾ ಇದೆ. ಮೆಣಸಿನಕಾಯಿ ಖಾರ ಹತ್ತಿ ನೀರಿನ ಬಕೀಟನ್ನೂ ಖಾಲಿ ಮಾಡಿದೆ. ಮಗ ಎಲ್ಲಿ? ರಸ್ತೆ ಆಚೆ ಕಲ್ಲಿನ ಮೇಲೆ ಕೂತು, ರೆಪ್ಪೆ ಬಡಿಯದೆ ಅಂಗಡಿಯನ್ನೇ ನೋಡ್ತಾ ಇದಾನೆ!

"ಹಸು ಬಂತಲ್ಲೋ!"

"ಬಂತವ್ವ, ನೋಡಿದೆ."

"ಬಜ್ಜಿ ತಿಂತಲ್ಲೋ!"

"ತಿಂದಿದ್ದೂ ನೋಡಿದೆ. ನೀರು ಕುಡಿದಿದ್ದೂ ನೋಡಿದೆ. ನೀನು ನೋಡ್ಕಂಡಿರು ಅಂದೆ, ಒಂದೂ ಬಿಡದಂಗೆ ನೋಡಿದೀನಿ."

ಬೊಮ್ಮಕ್ಕ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಹಣೆಬರವೇ! ನಿನ್ನ ಕಟ್ಕಂಡು ನಾನು ಅಂಗಡಿ ನಡೆಸಿದಂಗೇ! ನಡಿ, ದಾದಾಪೀರಣ್ಣನ ಹತ್ರ ಕೆಲಸಕ್ಕೆ ಹಾಕ್ತೀನಿ."

ರಸ್ತೆ ದಾಟಿ ಗ್ಯಾರೇಜಿಗೆ ಕರಕೊಂಡು ಹೋದಳು. ಮೇಸ್ತ್ರಿಗೆ ಕೈ ಮುಗಿದು, "ಅಣ್ಣಾ, ಇವನೊಬ್ಬನಿಗೆ ಒಂದು ಕಸುಬು ಕಲಿಸಿಕೊಡು. ನಾಳೆ ನಾನು ಕಣ್ಣು ಮುಚ್ಚಿದ್ರೆ ಇವನ ಗತಿ ಏನು?" ಅಂದಳು. ಬೊಮ್ಮಕ್ಕನ ಬಜ್ಜಿ ತಿಂದು ಬೆಳೆದ ಹೊಟ್ಟೆ ಮೇಸ್ತ್ರಿದು, ಆಗಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಬೊಮ್ಮಕ್ಕ ಮಗನ ಕಡೆ ತಿರುಗಿದಳು. "ಕೇಳಿಸ್ಕೋ. ಮೇಸ್ತ್ರಿ ಏನು ಹೇಳ್ತಾರೋ ಅಷ್ಟು ಮಾಡು. ಹೆಚ್ಚೂ ಬೇಡ, ಕಮ್ಮೀನೂ ಬೇಡ."

"ಹೂಂ ಅವ್ವ."

ಅದೇ ದಿನ ಗ್ಯಾರೇಜಿಗೆ ಹೊನ್ನಮ್ಮ ಬಂದಳು. ಯಾರು ಈ ಹೊನ್ನಮ್ಮ? ಹೂವಿನ ತೋಟದ ಪಾಲಯ್ಯನ ಮಗಳು. ಬೆಳಗಾದರೆ ಸೇವಂತಿಗೆ ಹೂವಿನ ಮೂಟೆಗಳನ್ನ ಬೈಕಿನ ಎರಡೂ ಮಗ್ಗುಲಿಗೆ ಕಟ್ಟಿಕೊಂಡು, ಸೀರೆ ಸೆರಗು ಸೊಂಟಕ್ಕೆ ಸಿಗಿಸಿಕೊಂಡು, ಹಿರಿಯೂರು ಮಾರ್ಕೆಟ್ಟಿಗೆ ಗಾಡಿ ಬಿಡೋಳು. ಅವಳ ಗಾಡಿ ಶಬ್ದ ಕೇಳಿದರೆ ದಾರೀಲಿ ಎಮ್ಮೆಗಳೂ ಪಕ್ಕಕ್ಕೆ ಸರಿಯೋವು.

"ಮೇಸ್ತ್ರಿ, ಇದೊಂದು ನೋಡು. ಸೈಲೆನ್ಸರ್ ಪೈಪು ಕಾದು ಕೆಂಡ ಆಗ್ತೈತೆ. ಬಲಗಡೆ ಮೂಟೆ ಹೂವು ಮಾರ್ಕೆಟ್ಟಿಗೆ ಹೋಗೋಷ್ಟರಲ್ಲಿ ಪಲ್ಯ! ನನ್ನ ಕಾಲು ನೋಡು, ಎಷ್ಟು ಬರೆ!"

ಮೇಸ್ತ್ರಿ ಬೀಡಿ ಕಚ್ಚಿಕೊಂಡೇ ಒಂದು ಸುರುಳಿ ತೆಗೆದ. ಅಗಲವಾದ ರಿಬ್ಬನ್ನಿನಂಥ ಪಟ್ಟಿ. "ಇದು ಬಿಸಿ ತಡೆಯೋ ಪಟ್ಟಿ ಕಣಮ್ಮ, ಗಾಜಿನ ನೂಲಲ್ಲಿ ನೇಯ್ದಿದ್ದು. ಪೈಪಿಗೆ ಇದನ್ನ ಸುತ್ತಿಬಿಟ್ರೆ ಬಿಸಿ ಒಳಗೇ ಇರುತ್ತೆ. ಹೂವು ಬಾಡಲ್ಲ, ಕಾಲು ಸುಡಲ್ಲ. ಗಾಡಿ ಬಿಟ್ಟು ಹೋಗು, ಸಂಜೆ ಬಾ."

ಹೊನ್ನಮ್ಮ ಹೋದಳು. ಮೇಸ್ತ್ರಿಗೆ ಹೊಟ್ಟೆ ಹಸಿದಿತ್ತು. ಪಟ್ಟಿ ಸುರುಳಿ ಓಬಳೇಶನ ಕೈಗೆ ಕೊಟ್ಟ.

"ಏ ಓಬಳೇಶ, ಈ ಪಟ್ಟಿ ತಗೊಂಡು ಆ ಪೈಪಿಗೆ ನಾಲ್ಕು ಸುತ್ತು ಹಾಕ್ತಿರು, ನಾನು ಊಟ ಮಾಡಿ ಬರ್ತೀನಿ."

"ಹೂಂ ಮೇಸ್ತ್ರಿ."

ಮೇಸ್ತ್ರಿ ಊಟ ಮಾಡಿ, ಕೈ ತೊಳೆದು, ಅಡಿಕೆ ಹಾಕ್ಕೊಂಡು ಬಂದು ನೋಡ್ತಾನೆ. ಓಬಳೇಶ ಚಪ್ಪಲಿ ಬಿಟ್ಟಿದಾನೆ. ಪಟ್ಟಿಯನ್ನ ಎರಡೂ ಕೈಯಲ್ಲಿ ಎದೆ ಹತ್ರ ಹಿಡಿದಿದಾನೆ. ಕಣ್ಣು ಅರ್ಧ ಮುಚ್ಚಿದಾನೆ. ಗಾಡಿ ಸುತ್ತ ಸುತ್ತು ಹಾಕ್ತಾ ಇದಾನೆ, ದೇವರಿಗೆ ಹಾಕಿದಂಗೆ! ಆಗಲೇ ಬಂದಿದ್ದ ಹೊನ್ನಮ್ಮ ಬಾಗಿಲ ಹತ್ರ ನಿಂತು ಸೆರಗು ಬಾಯಿಗೆ ತುರುಕಿಕೊಂಡಿದಾಳೆ.

"ಏನೋ ಮಾಡ್ತಿದೀಯ!"

"ಸುತ್ತು ಹಾಕ್ತಿದೀನಿ ಮೇಸ್ತ್ರಿ. ನಾಲ್ಕು ಯಾವಾಗಲೋ ಆಯ್ತು. ನೀವು ಬರೋಗಂಟ ಹಾಕ್ತಿರು ಅಂದ್ರಲ್ಲ, ಅದಕ್ಕೆ ನಿಲ್ಲಿಸಿಲ್ಲ. ಕಾಲು ನೋಯ್ತಾ ಐತೆ."

ಹೊನ್ನಮ್ಮನ ಸೆರಗು ಬಾಯಿಂದ ಹಾರಿಹೋಯ್ತು. ನಗು, ನಗು! ಹೊಟ್ಟೆ ಹಿಡಕೊಂಡು ನಕ್ಕಳು.

ಮೇಸ್ತ್ರಿ ಕೆಂಡವಾದ. "ಅಯ್ಯೋ ಪೆದ್ದೇ! ಪಟ್ಟೀನ ಪೈಪಿಗೆ ಸುತ್ತಬೇಕು ಕಣೋ, ನೀನು ಗಾಡೀನ ಸುತ್ತೋದಲ್ಲ! ಮೊದಲು ನೀರಲ್ಲಿ ನೆನೆಸಬೇಕು. ಕೈಗೆ ಗ್ಲೌಸ್ ಹಾಕಬೇಕು, ಇಲ್ಲಾಂದ್ರೆ ಕೆರೆತ. ಇಂಜಿನ್ ಕಡೆಯಿಂದ ಶುರು ಮಾಡಬೇಕು. ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದು ಸುತ್ತು ಕೂರಬೇಕು, ಬಿಗಿಯಾಗಿ! ಪೈಪು ಅನ್ನೋದು ಒಂದು ಚೂರೂ ಕಾಣಬಾರದು!"

"ನೆನೆಸ್ಬೇಕು. ಬಿಗಿಯಾಗಿ ಸುತ್ತಬೇಕು. ಒಂದು ಚೂರೂ ಕಾಣಬಾರದು" ಅಂತ ಓಬಳೇಶ ಬಾಯಿಪಾಠ ಮಾಡಿಕೊಂಡ. ಮನೆಗೆ ಹೋಗಿ ಅನ್ನ ಉಣ್ಣೋವಾಗಲೂ ಹೇಳಿಕೊಂಡ. ಬೊಮ್ಮಕ್ಕನಿಗೆ ಖುಷಿಯೋ ಖುಷಿ. "ನನ್ನ ಮಗ ಕಸುಬು ಕಲೀತಾ ಇದಾನೆ!"

ಮಾರನೇ ದಿನ ಓಬಳೇಶ ಕೂತ. ಪಟ್ಟಿ ನೆನೆಸಿದ. ಗ್ಲೌಸ್ ಹಾಕಿದ. ಇಂಜಿನ್ ಬುಡದಿಂದ ಹಿಡಿದು ಸುತ್ತಿದ ನೋಡಿ! ಸುತ್ತಿನ ಮೇಲೆ ಅರ್ಧ ಸುತ್ತು, ಅರ್ಧದ ಮೇಲೆ ಇನ್ನರ್ಧ, ಎಲ್ಲೂ ಸುಕ್ಕಿಲ್ಲ, ಎಲ್ಲೂ ಸಡಿಲ ಇಲ್ಲ. ಮೇಸ್ತ್ರಿಯೇ ದೂರದಿಂದ ನೋಡಿ, "ಪರವಾಗಿಲ್ಲ, ಕೈ ಚೆನ್ನಾಗೈತೆ ಕಳ್ಳನಿಗೆ" ಅಂದುಕೊಂಡ.

ಹೊನ್ನಮ್ಮ ಬಂದಳು. ಕಿಕ್ಕರ್ ಒದ್ದಳು. ಪುಸ್ಸ್! ಇನ್ನೊಂದು ಸಲ ಒದ್ದಳು. ಪುಸ್ಸ್! ಸೆರಗು ಬಿಗಿದು, ಹಲ್ಲು ಕಚ್ಚಿ, ಒದ್ದಳು, ಒದ್ದಳು, ಒದ್ದಳು. ಗಾಡಿ ಕೆಮ್ಮಿತು, ಬಿಕ್ಕಳಿಸಿತು, ಸುಮ್ಮನಾಯ್ತು. ಮೇಸ್ತ್ರಿ ಪ್ಲಗ್ ಬಿಚ್ಚಿ ನೋಡಿದ, ಚೆನ್ನಾಗಿದೆ. ಪೆಟ್ರೋಲ್ ನೋಡಿದ, ಇದೆ. ಕಡೆಗೆ ಗಾಡಿಯ ಹಿಂದಕ್ಕೆ ಹೋಗಿ ಬಗ್ಗಿ ನೋಡಿದ. ಸೈಲೆನ್ಸರಿನ ಹಿಂಬದಿ ತೂತು ಎಲ್ಲಿ? ಇಲ್ಲ! ಅದರ ಮೇಲೂ ಪಟ್ಟಿ ಸುತ್ತಿ, ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟಿದಂಗೆ ಕಟ್ಟಿದಾನೆ!

"ಯಾಕೋ ಇದನ್ನ ಮುಚ್ಚಿದೆ!"

"ಮುಚ್ಚದಿದ್ರೆ ಒಳಗಡೆ ಪೈಪು ಕಾಣ್ತಿತ್ತು ಮೇಸ್ತ್ರಿ. ಒಂದು ಚೂರೂ ಕಾಣಬಾರದು ಅಂದ್ರಿ."

"ನಿನ್ನ ಮೂಗೂ ಬಾಯೂ ಹಿಂಗೇ ಕಟ್ಟಿದ್ರೆ ಉಸಿರಾಡ್ತೀಯೇನೋ? ಹೊಗೆ ಹೋಗೋಕೆ ದಾರಿ ಬೇಡವಾ? ಏನಾದರೂ ಆಗಲಿ, ಬಾಯಿ ಯಾವತ್ತೂ ತೆರೆದಿರಬೇಕು! ತಿಳೀತಾ? ಬಾಯಿ ಮುಚ್ಚಬಾರದು!"

"ಬಾಯಿ ಮುಚ್ಚಬಾರದು" ಅಂದ ಓಬಳೇಶ.

ಮೇಸ್ತ್ರಿ ಸಿಟ್ಟಲ್ಲಿ ಬಿಚ್ಚಿ ಎಳೆದ ಎಳೆತಕ್ಕೆ ಪಟ್ಟಿ ಹರಿದುಹೋಯ್ತು. ಹೊಸ ಸುರುಳಿ ತೆಗೆದಿಟ್ಟು, ನಾಳೆ ಸುತ್ತೋಣ ಅಂದ.

ಮಾರನೇ ದಿನ ಹೊನ್ನಮ್ಮ ಬಂದಾಗ ಮೇಸ್ತ್ರಿ ಇರಲಿಲ್ಲ. ಓಬಳೇಶ ಒಬ್ಬನೇ ಸ್ಟೂಲಿನ ಮೇಲೆ ಕೂತಿದ್ದ, ಬಾಯಿ ಆ ಅಂತ ತೆರಕೊಂಡು.

"ಗಾಡಿ ಆಯ್ತಾ?"

"ಆಆ."

"ಮೇಸ್ತ್ರಿ ಎಲ್ಲಿ?"

"ಆಆ."

"ನಿನ್ನ ಹೆಸರೇನು?"

"ಆಆ."

ನೊಣ ಒಂದು ಒಳಗೆ ಹೋಗಿ, ಸುತ್ತಾಡಿ, ಹೊರಗೆ ಬಂತು. ಹೊನ್ನಮ್ಮನಿಗೆ ಅಯ್ಯೋ ಅನ್ನಿಸಿತು. "ಪಾಪ, ಹಲ್ಲುನೋವು ಅಂತ ಕಾಣುತ್ತೆ" ಅಂದುಕೊಂಡು ಎಲೆಅಡಿಕೆ ಚೀಲದಿಂದ ಒಂದು ಲವಂಗ ತೆಗೆದು, ತೆರೆದ ಬಾಯೊಳಗೆ ದವಡೆ ಹಲ್ಲಿನ ಮೇಲೆ ಇಟ್ಟಳು. ಓಬಳೇಶನ ಕಣ್ಣಲ್ಲಿ ನೀರು ಬಂತು. ಆದರೂ ಬಾಯಿ ಮುಚ್ಚಲಿಲ್ಲ. ಹೊನ್ನಮ್ಮ ಪಕ್ಕದಲ್ಲೇ ಕೂತು, ಲವಂಗದ ಖಾರಕ್ಕೆ ಸೀರೆ ಸೆರಗಿಂದ ಗಾಳಿ ಬೀಸಿದಳು.

ಅಷ್ಟರಲ್ಲಿ ಮೇಸ್ತ್ರಿ ಬಂದ. "ಏನೋ ಇದು, ಬಾವಿ ತೆರೆದಂಗೆ ತೆರಕೊಂಡು ಕೂತಿದೀಯ!"

"ಆಆ ಉಚ್ಚಬಾಆದು ಅಂದ್ರಿ."

"ಅದು ಗಾಡಿ ಬಾಯಿ ಕಣೋ, ನಿನ್ನ ಬಾಯಲ್ಲ! ನೀನು ಬಾಯಿ ಮುಚ್ಕಂಡು ಕೆಲಸ ಮಾಡು!"

"ಹೂಂ ಮೇಸ್ತ್ರಿ."

ಮುಚ್ಚಿದ. ಹೆಂಗೆ? ಎಡಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿದು ಮುಚ್ಚಿದ! ಇನ್ನು ಉಳಿದದ್ದು ಒಂದೇ ಕೈ. ಒಂದು ಕೈಯಲ್ಲಿ ಪಟ್ಟಿ ಸುತ್ತೋದು ಹೆಂಗೆ? ಪಟ್ಟಿ ತುದಿಯನ್ನ ಕಾಲ್ಬೆರಳಲ್ಲಿ ಕಚ್ಚಿ ಹಿಡಿದ. ಸುರುಳಿಯನ್ನ ಮಂಡಿ ನಡುವೆ ಸಿಗಿಸಿದ. ಬಲಗೈಯಲ್ಲಿ ಎಳೆದು ಎಳೆದು ಸುತ್ತಿದ. ಬೆವರು ಹರಿಯಿತು, ಮುಖ ಕೆಂಪಾಯ್ತು, ಕೈ ಮಾತ್ರ ಬಾಯಿಂದ ತೆಗೀಲಿಲ್ಲ. ಮೇಸ್ತ್ರಿ, "ಯಾಕೋ, ವಾಂತಿ ಬರುತ್ತಾ?" ಅಂತ ಕೇಳಿದ. ಓಬಳೇಶ ತಲೆ ಆಡಿಸಿದ. ಮೇಸ್ತ್ರಿ ದೂರ ಸರಿದು ನಿಂತ.

ಆದರೆ ಕೆಲಸ ನೋಡಬೇಕಿತ್ತು ನೀವು! ಅಚ್ಚುಕಟ್ಟು ಅಂದರೆ ಅಚ್ಚುಕಟ್ಟು. ಈ ಸಲ ಹಿಂಬದಿ ಬಾಯಿ ತೆರೆದೇ ಇತ್ತು. ಪಟ್ಟಿ ಬಿಚ್ಚಿಕೊಳ್ಳದಂಗೆ ಮೇಸ್ತ್ರಿ ತುದಿಗೆ ಕ್ಲಾಂಪ್ ಅನ್ನೋ ತಗಡಿನ ಬಳೆ ಹಾಕಿ ಸ್ಕ್ರೂ ಬಿಗಿ ಮಾಡಿದ. ಹೊನ್ನಮ್ಮ ಕಿಕ್ಕರ್ ಒದ್ದಳು. ಡುಗು ಡುಗು ಡುಗು! ಗಾಡಿ ಶುರುವಾಯ್ತು. ಸ್ವಲ್ಪ ಹೊತ್ತಿಗೆ ಪಟ್ಟಿಯಿಂದ ಬೆಳ್ಳಗೆ ಹೊಗೆ ಎದ್ದಿತು.

"ಅಯ್ಯೋ ಮೇಸ್ತ್ರಿ! ಬೆಂಕಿ!" ಅಂತ ಹೊನ್ನಮ್ಮ ಕೆಳಗೆ ಹಾರಿದಳು.

ಮೇಸ್ತ್ರಿ ನಕ್ಕ. "ಬೆಂಕಿಯಲ್ಲ ಕಣಮ್ಮ. ಹೊಸದಲ್ವಾ? ಮೊದಲ ಸಲ ಹೊಗೆ ಬಂದೇ ಬರುತ್ತೆ. ಗಾಬರಿ ಬೀಳಬಾರದು. ಪಟ್ಟಿ ಕೂತ್ಕಂತಾ ಐತೆ ಅಂತ ಅರ್ಥ. ತಾನೇ ನಿಲ್ಲುತ್ತೆ." ಹೊಗೆ ತಾನೇ ನಿಂತಿತು. ಮೇಸ್ತ್ರಿ ಓಬಳೇಶನ ಭುಜ ತಟ್ಟಿದ. "ಕೇಳಿಸ್ಕಂಡೆಯಾ? ಬಂದೋರು ಗಾಬರಿಯಾದ್ರೆ ಹಿಂಗೆ ಸಮಾಧಾನವಾಗಿ ಹೇಳಬೇಕು. ಇನ್ನು ಬಾಯಿಂದ ಕೈ ತೆಗಿ ಮಾರಾಯ!"

"ಹೊಸದಲ್ವಾ, ಹೊಗೆ ಬಂದೇ ಬರುತ್ತೆ" ಅಂತ ಓಬಳೇಶ ಬಾಯಿಪಾಠ ಮಾಡಿಕೊಂಡ.

ಮರುದಿನದಿಂದ ಹೊನ್ನಮ್ಮನ ಹೂವು ಮಾರ್ಕೆಟ್ಟಿಗೆ ಹೆಂಗೆ ಹೋದವು ಗೊತ್ತಾ? ಗಿಡದ ಮೇಲೆ ಇದ್ದಂಗೆ! ಕಾಲಿಗೂ ಬರೆ ಇಲ್ಲ. ಹೊನ್ನಮ್ಮ ಹೋಗ್ತಾ ಒಂದು ಸಲ ಗ್ಯಾರೇಜಿನ ಕಡೆ ನೋಡೋಳು, ಬರ್ತಾ ಇನ್ನೊಂದು ಸಲ ನೋಡೋಳು. ಬಜ್ಜಿ ತಿನ್ನದೋಳು ಬಜ್ಜಿಗೆ ನಿಲ್ಲೋಕೆ ಶುರು ಮಾಡಿದಳು. ಬೊಮ್ಮಕ್ಕ ಎಷ್ಟು ಸಂಸಾರ ನೋಡಿಲ್ಲ? ಎಣ್ಣೆಗೆ ಬಿದ್ದ ಬಜ್ಜಿ ಯಾವಾಗ ಬೇಯುತ್ತೆ ಅಂತ ತಿಳಿಯದೋಳೇನಲ್ಲ. ಮೇಸ್ತ್ರಿಯನ್ನ ಕರೆದು ಕಿವಿಯಲ್ಲಿ ಹೇಳಿದಳು. ಮೇಸ್ತ್ರಿ ಪಾಲಯ್ಯನ ತೋಟಕ್ಕೆ ಹೋಗಿ, "ಹುಡುಗ ಬಂಗಾರ. ಹೇಳಿದ್ದನ್ನ ಚಾಚೂ ತಪ್ಪದೆ ಮಾಡ್ತಾನೆ" ಅಂದ. ಸುಳ್ಳೇನೂ ಹೇಳಲಿಲ್ಲ ಬಿಡಿ.

ಭಾನುವಾರ ಪಾಲಯ್ಯ ಹುಡುಗನ್ನ ನೋಡೋಕೆ ಬಂದ. ಗರಿಗರಿ ಹೊಸ ಪಂಚೆ, ಅಗಲ ಕೆಂಪಂಚು. ಬೊಮ್ಮಕ್ಕ ಬಜ್ಜಿ ಅಂಗಡಿಯ ಒಲೆ ಪಕ್ಕದ ಬೆಂಚಿನ ಮೇಲೆ ಕೂರಿಸಿದಳು. ಮಗನಿಗೆ ಮೊದಲೇ ಹೇಳಿದ್ದಳು, "ಹಿರೀಕರ ಹತ್ರ ಸಮಾಧಾನವಾಗಿ ಮಾತಾಡು."

ಪಾಲಯ್ಯ ಮೀಸೆ ತಿರುವಿ, "ಏನಪ್ಪ, ಕೆಲಸ ಹೆಂಗೈತೆ?" ಅಂದ.

"ಚೆನ್ನಾಗೈತೆ ಮಾವ."

ಪಾಲಯ್ಯನಿಗೆ ಮಾವ ಅಂದದ್ದು ಕೇಳಿ ಹಿತವಾಯ್ತು. ಕಾಲ ಮೇಲೆ ಕಾಲು ಹಾಕಿದ. ಪಂಚೆ ಅಂಚು ಜಾರಿ ಒಲೆ ಬಾಯಿಗೆ ಬಿತ್ತು. ಸಣ್ಣಗೆ ಹೊಗೆ ಎದ್ದಿತು. ಓಬಳೇಶ ನೋಡಿದ.

"ಮಾವ, ಪಂಚೆ ಹೊಸದಾ?"

"ಹೂಂ ಕಣಪ್ಪ, ಇವತ್ತೇ ಉಟ್ಟಿದ್ದು."

"ಹಂಗಾದ್ರೆ ಸರಿ."

ಹೊಗೆ ಜಾಸ್ತಿಯಾಯ್ತು. ಪಾಲಯ್ಯ ಮೂಗು ಅರಳಿಸಿದ. "ಏನೋ ಸುಟ್ಟ ವಾಸನೆ."

"ಹೊಸದಲ್ವಾ ಮಾವ? ಮೊದಲ ಸಲ ಹೊಗೆ ಬಂದೇ ಬರುತ್ತೆ. ಗಾಬರಿ ಬೀಳಬಾರದು."

"ಏನು ಹೊಸದು? ಯಾತರ ಹೊಗೆ? ಆಹ್! ಅಯ್ಯಯ್ಯೋ!"

"ಕೂತ್ಕಂತಾ ಐತೆ ಮಾವ. ತಾನೇ ನಿಲ್ಲುತ್ತೆ."

ಪಾಲಯ್ಯ ಕೂತಲ್ಲಿಂದ ಚಿಮ್ಮಿದ! ಪಂಚೆ ಧಗ್ ಅಂತು! ಬೊಮ್ಮಕ್ಕ ಕೂಗಿಕೊಂಡು ಓಡಿಬಂದಳು, ಕೈಗೆ ಏನು ಸಿಕ್ಕಿತೋ ಅದನ್ನ ಸುರಿದಳು. ಸಿಕ್ಕಿದ್ದು ಏನು? ಬಜ್ಜಿಗೆ ಕಲಸಿದ ಕಡ್ಲೆಹಿಟ್ಟು! ಬೆಂಕಿ ಆರಿತು. ಪಾಲಯ್ಯ ಸೊಂಟದಿಂದ ಹಿಮ್ಮಡಿಗಂಟ ಹಳದಿ ಹಿಟ್ಟು ಸುರಿಸಿಕೊಂಡು, ಎಣ್ಣೆಗೆ ಬಿಡೋದೊಂದು ಬಾಕಿ ಅನ್ನೋ ಹಂಗೆ ನಿಂತ.

"ಇವನಿಗೆ ಹೆಣ್ಣಾ? ಇವನಿಗೆ ನಾನು ಎಮ್ಮೆಕರೂನೂ ಕೊಡಲ್ಲ!" ಅಂತ ಅಬ್ಬರಿಸಿ, ಹಿಟ್ಟು ತೊಟ್ಟಿಕ್ಕಿಸಿಕೊಂಡು ಹೊರಟುಹೋದ.

ಬೊಮ್ಮಕ್ಕ ನೆಲದ ಮೇಲೆ ಕುಕ್ಕರಿಸಿದಳು. ಬೈಯೋಕೂ ಶಕ್ತಿ ಇರಲಿಲ್ಲ. ಸೆರಗು ಮುಖಕ್ಕೆ ಹಾಕ್ಕೊಂಡು ಅತ್ತಳು. ಮಗ ಪಕ್ಕದಲ್ಲಿ ಕೂತ. "ನಾನು ಹೇಳಿದ್ದಷ್ಟೇ ಮಾಡಿದೆ ಅವ್ವ" ಅಂದ. ಹೊನ್ನಮ್ಮ ಇನ್ನು ಬಜ್ಜಿಗೆ ನಿಲ್ಲಲ್ಲ ಅನ್ನೋದು ಅವನ ಆ ತಲೆಗೂ ಹೊಳೆದಿತ್ತು.

ಸೋಮವಾರ ಮೇಸ್ತ್ರಿ ಬಾಯಿಗೆ ಬಂದಂಗೆ ಬೈದ. "ಪೆದ್ದ ಮುಂಡೇದೇ! ಪಟ್ಟಿ ಬೇರೆ, ಪಂಚೆ ಬೇರೆ! ಯಾವುದು ಬಿಸಿಯಾಗೈತೆ, ಯಾವುದು ಆಗಿಲ್ಲ, ಅಷ್ಟು ನೋಡಬೇಕು! ಬಿಸಿಯಾಗಿದ್ರೆ ಪಟ್ಟಿ ಸುತ್ತಬೇಕು, ಆಗಿಲ್ಲದಿದ್ರೆ ಮುಟ್ಟಬಾರದು! ನಿನ್ನಿಂದ ನನ್ನ ತಲೆ ಬಿಸಿಯಾಗಿ ಹೋಗೈತೆ ಕಣೋ! ಪಾಲಯ್ಯನಿಗೆ ಮುಖ ತೋರಿಸಂಗಿಲ್ಲ! ತಲೆ ಬಿಸಿ, ಬರೀ ತಲೆ ಬಿಸಿ!"

ಬೈದು ಬೈದು ಸುಸ್ತಾಗಿ, ಮಧ್ಯಾಹ್ನ ಊಟ ಮಾಡಿ, ಹಳೇ ಬೆಂಚಿನ ಮೇಲೆ ಅಂಗಾತ ಮಲಗಿದ. ಗೊರ್ರ್ ಗೊರ್ರ್ ಅಂತ ನಿದ್ದೆ ಹೋದ.

ಓಬಳೇಶ ನಿಂತು ನೋಡಿದ. ಪಾಪ ಮೇಸ್ತ್ರಿ. ತಲೆ ಬಿಸಿಯಾಗೈತಂತೆ. ಬಿಸಿಯಾಗಿದ್ರೆ ಏನು ಮಾಡಬೇಕು?

ಪಟ್ಟಿ ತಂದ. ನೀರಲ್ಲಿ ನೆನೆಸಿದ. ಗ್ಲೌಸ್ ಹಾಕಿದ. ಕುತ್ತಿಗೆ ಬುಡದಿಂದ ಶುರು ಮಾಡಿದ. ಸುತ್ತಿನ ಮೇಲೆ ಅರ್ಧ ಸುತ್ತು, ಅರ್ಧದ ಮೇಲೆ ಇನ್ನರ್ಧ. ಗಲ್ಲ ಹೋಯ್ತು, ಕಿವಿ ಹೋಯ್ತು, ಮೂಗು ಹೋಯ್ತು, ಕಣ್ಣು ಹೋಯ್ತು, ಬೋಳುತಲೆ ಹೋಯ್ತು. ಬಾಯಿ? ಬಾಯಿ ತೆರೆದಿರಬೇಕಲ್ಲ! ಬಾಯಿ ಬಿಟ್ಟ. ನೆತ್ತಿ ಮೇಲೆ ಕ್ಲಾಂಪ್ ಹಾಕಿ ಹಗುರವಾಗಿ ಸ್ಕ್ರೂ ತಿರುಗಿಸಿದ. ಬಿಸಿಲಿನ ಝಳದಲ್ಲಿ ಒದ್ದೆ ಪಟ್ಟಿ ತಂಪಾಗಿತ್ತು. ಮೇಸ್ತ್ರಿಗೆ ಕೆರೆಯಲ್ಲಿ ಈಜೋ ಕನಸು ಬಿದ್ದು, ನಿದ್ದೇಲೇ ಕೈ ಕಾಲು ಆಡಿಸಿದ.

ಅಷ್ಟರಲ್ಲಿ ಬೈಕ್ ಬಂದು ನಿಂತಿತು. ಮುಂದೆ ಹೊನ್ನಮ್ಮ, ಹಿಂದೆ ಪಾಲಯ್ಯ. ತೊಡೆಗೆ ಮುಲಾಮು ಬಳಿದುಕೊಂಡು ಮೇಸ್ತ್ರಿಗೆ ಉಗಿಯೋಕೆ ಅಂತಲೇ ಬಂದಿದ್ದ. "ಎಲ್ಲಯ್ಯ ದಾದಾಪೀರ್! ಎಂಥ ಹುಡುಗನ್ನ ತೋರಿಸಿದೆ ನನಗೆ!"

ಗದ್ದಲಕ್ಕೆ ಮೇಸ್ತ್ರಿ ಎದ್ದು ಕೂತ. ಕಣ್ಣು ಕಾಣದು. "ಯಾರು? ರಾತ್ರಿ ಆಯ್ತಾ?" ಅಂದ. ಚಟ ನೋಡಿ, ಏಳುತ್ತಲೇ ಬೀಡಿ ಬೇಕು. ತಡಕಾಡಿ ಬೀಡಿ ಬಾಯಿಗಿಟ್ಟ. ಓಬಳೇಶ ಓಡಿಬಂದು ಬೆಂಕಿಕಡ್ಡಿ ಗೀರಿದ. ಮೇಸ್ತ್ರಿ ಒಂದು ದಮ್ಮು ಎಳೆದು ಬಿಟ್ಟ. ಪಟ್ಟಿ ಸುತ್ತಿದ ತಲೆ, ನಡುವೆ ಒಂದು ತೂತು, ತೂತಿಂದ ಹೊಗೆ!

ಪಾಲಯ್ಯ ಬೈಯೋಕೆ ತೆರೆದ ಬಾಯಿ ಹಂಗೇ ನಿಂತಿತು. ಸೈಲೆನ್ಸರ್ ನೋಡಿದ, ಮೇಸ್ತ್ರೀನ ನೋಡಿದ. ಮೇಸ್ತ್ರೀನ ನೋಡಿದ, ಸೈಲೆನ್ಸರ್ ನೋಡಿದ. "ಇದೇನಪ್ಪ?" ಅಂದ.

ಓಬಳೇಶ ಕೈ ಕಟ್ಟಿ ನಿಂತು ಹೇಳಿದ, "ಮೇಸ್ತ್ರಿಗೆ ನನ್ನಿಂದ ತಲೆ ಬಿಸಿಯಾಗಿತ್ತು ಮಾವ. ಅದಕ್ಕೆ ಸುತ್ತಿದೀನಿ."

ಪಾಲಯ್ಯನಿಗೆ ಮೊದಲು ಹೊಟ್ಟೆ ಅಲುಗಿತು. ಆಮೇಲೆ ಮೀಸೆ ಅಲುಗಿತು. ಆಮೇಲೆ ಬಿತ್ತು ನೋಡಿ ನಗು! ಸುಟ್ಟ ತೊಡೆ ಹಿಡಕೊಂಡು, "ಅಯ್ಯೋ ಉರೀತದೆ, ನಗಿಸಬೇಡ್ರೋ!" ಅಂತ ಕೂಗಿ ಕೂಗಿ ನಕ್ಕ. ಹೆಂಡತಿ ಸತ್ತಮೇಲೆ ಅಪ್ಪ ಹಿಂಗೆ ನಕ್ಕಿದ್ದನ್ನ ಹೊನ್ನಮ್ಮ ನೋಡೇ ಇರಲಿಲ್ಲ. ಅವಳು ಸ್ಕ್ರೂ ಡ್ರೈವರ್ ತಗೊಂಡು ಮೇಸ್ತ್ರಿಯ ಕ್ಲಾಂಪ್ ಬಿಚ್ಚುತ್ತಾ ನಿಧಾನವಾಗಿ ಹೇಳಿದಳು.

"ಅಪ್ಪಾ, ಇವನನ್ನೇ ಆಗ್ತೀನಿ."

"ಇವನನ್ನಾ?"

"ಹೇಳಿದ ಮಾತು ಕೇಳದ ಗಂಡಸರನ್ನ ಮಾರ್ಕೆಟ್ಟಲ್ಲಿ ದಿನಾ ನೋಡ್ತೀನಿ, ಸಾಕಾಗೈತೆ. ಇವನು ಕೇಳ್ತಾನೆ. ಸರಿಯಾಗಿ ಹೇಳೋದು ನನ್ನ ಕೈಲೈತೆ."

ಪಾಲಯ್ಯ ಕಣ್ಣೊರೆಸಿಕೊಂಡು ಹೂಂ ಅಂದ. ಪಟ್ಟಿಯಿಂದ ಹೊರಬಂದ ಮೇಸ್ತ್ರಿ ಮುಖವೆಲ್ಲ ಪರಪರ ಕೆರಕೊಂಡು, ಬೈಯೋದು ಯಾರನ್ನ ಅಂತ ಹುಡುಕಿದ. ಆದರೆ ಎಲ್ಲರೂ ನಗ್ತಾ ಇದಾರೆ, ರಸ್ತೆ ಆಚೆಯಿಂದ ಬೊಮ್ಮಕ್ಕ ಬಜ್ಜಿ ತಟ್ಟೆ ಹಿಡಕೊಂಡು ಓಡಿಬರ್ತಾ ಇದಾಳೆ. ಅವನೂ ಕೆರಕೊಂಡೇ ನಕ್ಕ. ಒಂದು ಬಜ್ಜಿ ಬಾಯಿಗಿಟ್ಟುಕೊಂಡು, "ಲೇ, ಇನ್ಮೇಲೆ ನನ್ನ ಮಾತು ಕೇಳಬೇಡ! ಅವ್ವನ ಮಾತೂ ಬೇಡ! ಹೊನ್ನಮ್ಮ ಏನು ಹೇಳ್ತಾಳೋ ಅಷ್ಟು ಕೇಳು!" ಅಂದ.

"ಹೂಂ ಮೇಸ್ತ್ರಿ."

ಮದುವೆ ಬಂತು. ಪಾಲಯ್ಯನ ತೋಟದಲ್ಲೇ ಚಪ್ಪರ, ಎಲ್ಲಿ ನೋಡಿದರೂ ಸೇವಂತಿಗೆ. "ಹಾರ ಹಾಕಪ್ಪ" ಅಂದರು ಹಿರಿಯರು. ಓಬಳೇಶ ಹೊನ್ನಮ್ಮನ ಮುಖ ನೋಡಿದ. ಅವಳು "ಹಾಕು" ಅಂದಳು, ಹಾಕಿದ. "ತಾಳಿ ಕಟ್ಟಪ್ಪ" ಅಂದರು. ಹೊನ್ನಮ್ಮನ ಮುಖ ನೋಡಿದ. "ಕಟ್ಟು" ಅಂದಳು, ಕಟ್ಟಿದ. ಒಂದೂ ತಪ್ಪಿಲ್ಲ! ಬೊಮ್ಮಕ್ಕ ಕೂತಲ್ಲೇ ದೇವರಿಗೆ ಕೈ ಮುಗಿದಳು. ಕಡೆಗೆ ಇಬ್ಬರ ಕೈ ಸೇರಿಸಿದರು. ವಾಲಗದವರು ಜೋರಾಗಿ ಊದಿದರು. ಹೊನ್ನಮ್ಮ ಎಷ್ಟಾದರೂ ಹೆಣ್ಣು, ಆ ಹೊತ್ತಿಗೆ ಮನಸ್ಸು ತುಂಬಿ ಬಂತು. ಅವನ ಕಿವಿ ಹತ್ರ ಬಗ್ಗಿ ಮೆಲ್ಲಗೆ ಹೇಳಿದಳು.

"ಹಿಡಿದ ಕೈ ಬಿಡಬೇಡ ಕಣೋ. ನಾಳೆ ನಾನೇ ಸಿಟ್ಟಲ್ಲಿ ಬಿಡು ಅಂದ್ರೂ ಬಿಡಬೇಡ."

"ಹೂಂ" ಅಂದ ಓಬಳೇಶ.

ಬಿಡಲಿಲ್ಲ! ಆರತಿ ಮಾಡುವಾಗ ಬಿಡಲಿಲ್ಲ. ಹಿರಿಯರ ಕಾಲಿಗೆ ಬೀಳುವಾಗ ಬಿಡಲಿಲ್ಲ. 'ಎಷ್ಟು ಪ್ರೀತಿ ನೋಡೇ' ಅಂತ ಹೆಂಗಸರು ಒಬ್ಬರಿಗೊಬ್ಬರು ತಿವಿದರು. ಊಟಕ್ಕೆ ಕೂತರು. ಹೊನ್ನಮ್ಮ, "ಬಲಗೈ ಊಟಕ್ಕೆ ಬೇಕು, ಎಡಗೈ ಹಿಡ್ಕೋ" ಅಂದಳು. ಓಬಳೇಶ ಮೊದಲು ಎಡಗೈ ಭದ್ರವಾಗಿ ಹಿಡಿದು, ಆಮೇಲೆ ಬಲಗೈ ಬಿಟ್ಟ. ನಡುವೆ ಒಂದು ಗಳಿಗೆಯೂ ಖಾಲಿ ಬಿಡಲಿಲ್ಲ. ಹೊನ್ನಮ್ಮನಿಗೆ ನಾಚಿಕೆಯೂ ಆಯ್ತು, ಸುಖವೂ ಆಯ್ತು. ಇಬ್ಬರೂ ಹಂಗೇ ಹೋಳಿಗೆ ತಿಂದರು.

ಗಂಡನ ಮನೆಗೆ ಹೊರಡೋ ಹೊತ್ತಾಯ್ತು. ಹೊನ್ನಮ್ಮನ ಬೈಕಿಗೇ ಹೂವು ಸುತ್ತಿ ನಿಲ್ಲಿಸಿದ್ದರು. ಗಾಡಿ ಓಡಿಸೋಳು ಹೊನ್ನಮ್ಮ, ಅವಳು ಮುಂದೆ ಕೂತಳು. ಓಬಳೇಶ ಹಿಂದೆ ಕೂತ. ಅವಳ ಎಡಗೈ ಮಾತ್ರ ಅವನ ಮುಷ್ಟಿಯೊಳಗೇ ಇತ್ತು. ಪಾಲಯ್ಯ ಕಣ್ಣೊರೆಸಿಕೊಂಡ. ಬೊಮ್ಮಕ್ಕ ಅಕ್ಷತೆ ಹಿಡಿದು ನಿಂತಳು. ಮೇಸ್ತ್ರಿ ತಾನೇ ಕಿಕ್ಕರ್ ಒದ್ದುಕೊಟ್ಟ. ಡುಗು ಡುಗು ಡುಗು!

ಹೊನ್ನಮ್ಮ ಎಡಗೈಯಲ್ಲಿ ಕ್ಲಚ್ ಒತ್ತಿದಳು. ಓಬಳೇಶನೂ ಅವಳ ಕೈ ಮೇಲೆ ಕೈ ಒತ್ತಿದ. ಗೇರ್ ಬಿತ್ತು. ಬಲಗೈಯಲ್ಲಿ ಆಕ್ಸಿಲರೇಟರ್ ತಿರುವಿದಳು. ಇನ್ನು ಕ್ಲಚ್ ಬಿಟ್ಟರೆ ಗಾಡಿ ಹೊರಡಬೇಕು.

"ಬಿಡು" ಅಂದಳು ಹೊನ್ನಮ್ಮ.

"ಬಿಡಲ್ಲ!" ಅಂದ ಓಬಳೇಶ.

"ಕ್ಲಚ್ ಬಿಡೋ!"

"ಕೈ ಬಿಡದೆ ಕ್ಲಚ್ ಹೆಂಗೆ ಬಿಡ್ಲಿ? ಬಿಡಲ್ಲ!"

"ಅಯ್ಯೋ, ನಾನೇ ಹೇಳ್ತಿದೀನಿ ಬಿಡು ಅಂತ!"

"ನೀನೇ ಹೇಳಿದ್ರೂ ಬಿಡಬೇಡ ಅಂದಿದೀಯ!"

"ಸಿಟ್ಟಲ್ಲಿ ಹೇಳಿದ್ರೆ ಅಂದಿದ್ದು!"

"ಈಗ ಸಿಟ್ಟಲ್ಲೇ ಹೇಳ್ತಿದೀಯ!"

ಹೊನ್ನಮ್ಮ ಆಕ್ಸಿಲರೇಟರ್ ತಿರುವಿದಷ್ಟೂ ಓಬಳೇಶ ಮುಷ್ಟಿ ಬಿಗಿ ಮಾಡಿದ. ಗಾಡಿ ಗುಡುಗಿತು, ನಡುಗಿತು, ಅದಕ್ಕೆ ಸುತ್ತಿದ ಹೂವೆಲ್ಲ ಉದುರಿತು, ಒಂದಂಗುಲವೂ ಮುಂದೆ ಹೋಗಲಿಲ್ಲ. ಬೊಮ್ಮಕ್ಕ, "ಬಿಡೋ ಮಗನೇ!" ಅಂದಳು. ಮೇಸ್ತ್ರಿ, "ಬಿಡೋ ಪೆದ್ದೇ!" ಅಂದ. ಅವನು ಯಾರ ಮಾತು ಕೇಳ್ತಾನೆ? ಹಾಕಿದ ಅಕ್ಷತೆ ಕೋಳಿ ಬಂದು ಆರಿಸಿಕೊಂಡು ಹೋಯ್ತು. ವಾಲಗದವರು ಊದಿ ಊದಿ ಕೆನ್ನೆ ನೋಯಿಸಿಕೊಂಡು ಎರಡನೇ ಪಂಕ್ತಿ ಊಟಕ್ಕೆ ಹೋದರು. ಅವರು ಪಾಯಸ ಕುಡಿದು, ಎಲೆ ಎತ್ತಿ, ಕೈ ತೊಳೆದು ಬಂದು ನೋಡಿದರೂ ಗಾಡಿ ಅಲ್ಲೇ ಡುಗು ಡುಗು ಅಂತಿತ್ತು. ಮುಂದೆ ಕೂತೋಳು ನಗು ತಡೀಲಾರದೆ ಬಿಡು ಬಿಡು ಅಂತಿದ್ದಳು. ಹಿಂದೆ ಕೂತೋನು ಎರಡೂ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಬಿಡಲ್ಲ ಬಿಡಲ್ಲ ಅಂತಿದ್ದ.